ಓಲೆನಿಡೇ ಕುಟುಂಬದ ಟ್ರೈಲೊಬೈಟ್‌ಗಳು: ಕಪ್ಪು ಶೇಲ್‌ನಲ್ಲಿಯೇ ಬದುಕಿದ್ದವೇ?

ಪದರಶಿಲೆ:
ಸ್ವೀಡನ್ ಮತ್ತು ನಾರ್ವೆಯ ಆಲಮ್ ಶೇಲ್ ಎಂಬ ಕಪ್ಪು ಕೆಸರುಗಲ್ಲಿನಲ್ಲಿ ಓಲೆನಿಡೇ ಕುಟುಂಬದ ಟ್ರೈಲೊಬೈಟ್‌ಗಳ (ಅಳಿದುಹೋದ, ಕವಚವಿದ್ದ ಕಡಲ ಸಂಧಿಪದಿಗಳು) ಕವಚದ ಚೂರುಗಳು ಕೆಲವು ಪದರಗಳಲ್ಲಿ ಕಿಕ್ಕಿರಿದಿದ್ದರೂ, ಬೇರೆ ಪ್ರಾಣಿಗಳ ಪಳೆಯುಳಿಕೆಗಳು ಅಲ್ಲಿ ತೀರಾ ವಿರಳ ಎಂದು ಓದಿದೆ. ಆಮ್ಲಜನಕ ಕಡಿಮೆಯಿದ್ದ ಕಡಲತಳದ ಕೆಸರಿನಿಂದ ಆ ಶಿಲೆ ಉಂಟಾಯಿತು ಎನ್ನುವುದಾದರೆ, ಇವು ಅಲ್ಲಿಯೇ ಬದುಕಿದ್ದವೇ ಅಥವಾ ಬೇರೆಡೆ ಸತ್ತು ಕೊಚ್ಚಿಬಂದವೇ?

ಕಡಲಕೆಸರು:
ಅಲ್ಲಿಯೇ ಬದುಕಿದ್ದವು ಎನ್ನುವುದೇ ಸಮಂಜಸ. ಮರಿಗಳ ಮತ್ತು ಬೆಳೆದವುಗಳ ಕವಚಗಳು ಒಟ್ಟಿಗೆ ಸಿಗುತ್ತವೆ. ನೀರಿನ ಸೆಳೆತ ಹೊತ್ತು ತಂದಿದ್ದರೆ ಅವು ಗಾತ್ರಕ್ಕೆ ತಕ್ಕಂತೆ ಬೇರೆಬೇರೆಯಾಗಿ ಬಿದ್ದಿರುತ್ತಿದ್ದವು. ಈ ಕುಟುಂಬದ ಹಲವು ಪ್ರಭೇದಗಳಲ್ಲಿ ಕವಚ ತೆಳುವಾಗಿದ್ದು, ಎದೆಭಾಗ ಅಗಲವಾಗಿ ಅನೇಕ ಖಂಡಗಳಿಂದ ಕೂಡಿತ್ತು. ಅದರಡಿಯಲ್ಲಿ ಉಸಿರಾಟಕ್ಕೆ ಹೆಚ್ಚು ಜಾಗ ದೊರೆಯುತ್ತಿತ್ತು. ಪಳೆಯುಳಿಕೆ ತಜ್ಞ ರಿಚರ್ಡ್ ಫೋರ್ಟಿ 2000ರಲ್ಲಿ ಇನ್ನೂ ಮುಂದೆ ಹೋಗಿ, ಇವುಗಳಲ್ಲಿ ಕೆಲವು ಗಂಧಕವನ್ನು ಬಳಸುವ ಬ್ಯಾಕ್ಟೀರಿಯಾಗಳೊಡನೆ ಸಹಜೀವನ ನಡೆಸಿದ್ದಿರಬಹುದು ಎಂಬ ಊಹೆಯನ್ನು ಮಂಡಿಸಿದರು. ಆಕರ್ಷಕ ಊಹೆ, ಆದರೆ ಬ್ಯಾಕ್ಟೀರಿಯಾ ಪಳೆಯುಳಿಕೆಯಲ್ಲಿ ಕಂಡಿಲ್ಲವಾದ್ದರಿಂದ ಅದನ್ನು ಊಹೆಯೆಂದೇ ಪರಿಗಣಿಸುವುದು ಒಳ್ಳೆಯದು.

ಹಳೆಯಪದರ:
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ‘ಕಿಕ್ಕಿರಿದಿವೆ’ ಎಂಬ ಮಾತನ್ನು ಎಚ್ಚರದಿಂದ ಓದಬೇಕು. ಒಂದೇ ಟ್ರೈಲೊಬೈಟ್ ಬೆಳೆಯುವಾಗ ಅನೇಕ ಸಲ ಕವಚ ಕಳಚುತ್ತಿತ್ತು. ಆಲಮ್ ಶೇಲ್ ಕೂಡ ಅತಿ ನಿಧಾನವಾಗಿ ಶೇಖರವಾದ ಶಿಲೆಯಾದ್ದರಿಂದ, ಒಂದು ತೆಳು ಪದರದಲ್ಲಿ ದೀರ್ಘಕಾಲದ ಕವಚಗಳು ಒತ್ತೊತ್ತಾಗಿ ಸೇರಿಕೊಂಡಿವೆ. ಪ್ರಾಣಿಗಳ ಸಂಖ್ಯೆ ತಿಳಿಯಲು ಇದು ಯೋಗ್ಯ ದಾಖಲೆಯಲ್ಲ. ಕಾಲವನ್ನು ಅಳೆಯಲು ಮಾತ್ರ ಅತ್ಯುತ್ತಮ. ಸುಮಾರು 49.7 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಕಾಲದ ಕೊನೆಯ ಭಾಗವನ್ನು ಸ್ಕ್ಯಾಂಡಿನೇವಿಯಾದಲ್ಲಿ ಇವುಗಳ ಪ್ರಭೇದಗಳನ್ನೇ ಆಧರಿಸಿ ವಲಯಗಳಾಗಿ ವಿಂಗಡಿಸಿದ್ದಾರೆ. ಅಂದ ಹಾಗೆ, ಅದೇ ಶೇಲ್‌ನ ನಡುವಿನ ಸುಣ್ಣಕಲ್ಲಿನ ಉಂಡೆಗಳಲ್ಲಿ ಕವಚಗಳು ಚಪ್ಪಟೆಯಾಗದೆ ಉಳಿದಿರುತ್ತವೆ. ಒಡೆದಾಗ ದುರ್ವಾಸನೆ ಬೀರುವ ಕಲ್ಲುಗಳವು.

ಪದರಶಿಲೆ:
ಧನ್ಯವಾದಗಳು. ಹಾಗಾದರೆ ಉಸಿರಾಟದ ಅಂಗಗಳನ್ನು ನೇರವಾಗಿ ಯಾರೂ ನೋಡಿಲ್ಲವೇ?

ಕಡಲಕೆಸರು:
ನೋಡಿದ್ದಾರೆ, ಆದರೆ ಅಲ್ಲಿ ಅಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರುವ ಆರ್ಡೊವಿಶಿಯನ್ ಕಾಲದ (ಕೇಂಬ್ರಿಯನ್ ನಂತರದ್ದು) ಬೀಚರ್ ಪದರದಲ್ಲಿ ಇದೇ ಕುಟುಂಬದ ಟ್ರೈಆರ್ಥ್ರಸ್‌ನ ಮೀಸೆಗಳು, ಕಾಲುಗಳು ಮತ್ತು ಕಾಲುಗಳಿಗೆ ಅಂಟಿದ ಕಿವಿರಿನಂಥ ಎಳೆಗಳು ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಆಗಿ ಉಳಿದಿವೆ. 2017ರಲ್ಲಿ ಟ್ರೈಆರ್ಥ್ರಸ್‌ನ ಪ್ರಭೇದವೊಂದರ ತಲೆಯ ಬಳಿ ಮೊಟ್ಟೆಗಳೂ ವರದಿಯಾದವು. ಕೆಸರಿನಲ್ಲಿ ಕಬ್ಬಿಣ ಹೆಚ್ಚಿದ್ದು, ಕೊಳೆಯುವ ದೇಹದಲ್ಲಿ ಬ್ಯಾಕ್ಟೀರಿಯಾ ಸಲ್ಫೈಡ್ ಉತ್ಪಾದಿಸಿದಾಗ ಎರಡೂ ಕೂಡಿ ಪೈರೈಟ್ ಆಗುತ್ತದೆ. ಒಂದು ವ್ಯತ್ಯಾಸವನ್ನು ಮರೆಯಬೇಡಿ: ಅಲ್ಲಿ ಕೆಸರಿನ ಪ್ರವಾಹವೊಂದು ಪ್ರಾಣಿಗಳನ್ನು ಏಕಾಏಕಿ ಹೂತುಹಾಕಿತ್ತು. ಆದ್ದರಿಂದ ನಿಮ್ಮ ‘ಕೊಚ್ಚಿಬಂದವೇ’ ಎಂಬ ಸಂದೇಹವನ್ನು ಆಲಮ್ ಶೇಲ್‌ಗಿಂತ ಆ ಪದರದ ಬಗ್ಗೆಯೇ ಕೇಳುವುದು ಹೆಚ್ಚು ಸೂಕ್ತ.