ಭಾವ, ಡೆನಿಸ್ ಪೆರೋನ್ ವಿಷಯದಲ್ಲಿ ನನ್ನದೊಂದು ಮಾತು

ಭಾವ, ನಮಸ್ಕಾರ. ಮೆಸೇಜ್ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳದೆ ಪೂರ್ತಿ ಕೇಳಿ. ಕಾಲೇಜಿನ ಭಾಷಣಕ್ಕೆ, ಅಮೆರಿಕದಲ್ಲಿ ರೋಗಿಗಳಿಗೆ ಗಾಂಜಾ ಸಿಗಬೇಕು ಅಂತ ಹೋರಾಡಿದ ಡೆನಿಸ್ ಪೆರೋನ್‌ನನ್ನು ಆರಿಸಿಕೊಂಡಿದ್ದೇನೆ ಅಂತ ಪುಟ್ಟಿ ನಿನ್ನೆ ಗ್ರೂಪಿಗೆ ಹಾಕಿದಳು. ನೀವು "ಗಾಂಜಾ ಮಾರುತ್ತಿದ್ದವನು ಗವರ್ನರ್ ಆಗೋಕೆ ನಿಂತನಂತೆ, ಅವನ ಬಗ್ಗೆ ಏನು ಮಾತಾಡೋದು" ಅಂದಿರಿ. ಆಮೇಲೆ ಅವಳು ಒಂದಕ್ಷರ ಬರೆದಿಲ್ಲ. ಅದಕ್ಕೇ ನಾನು ಬಾಯಿ ಹಾಕುತ್ತಿದ್ದೇನೆ.

ನೀವು ಹೇಳಿದ್ದು ಸುಳ್ಳಲ್ಲ. ಆತ ಮಾರುತ್ತಿದ್ದ, ಅದನ್ನು ಮುಚ್ಚಿಡಲೂ ಇಲ್ಲ. ಅಮೆರಿಕದ ವಾಯುಪಡೆಯಲ್ಲಿ ವಿಯೆಟ್ನಾಂಗೆ ಹೋಗಿದ್ದವನು. ಬಂದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದೇ ವ್ಯಾಪಾರ. 1977ರಲ್ಲಿ ಪೊಲೀಸರು ದಾಳಿ ಮಾಡಿದಾಗ ಕಾಲಿಗೆ ಗುಂಡು ಬಿತ್ತು. ಆದರೆ ನಾನು ಹೇಳಬೇಕು ಅಂದುಕೊಂಡಿದ್ದು 1990ರ ಕಥೆ.

ಆತನ ಸಂಗಾತಿ ಜೊನಾಥನ್ ವೆಸ್ಟ್‌ಗೆ ಏಡ್ಸ್ ಇತ್ತು. ಈಗಿನಂಥ ಔಷಧಿ ಆಗ ಇರಲಿಲ್ಲ. ಆ ರೋಗದವರಿಗೆ ವಾಕರಿಕೆ, ಊಟ ಸೇರುತ್ತಿರಲಿಲ್ಲ, ಮೈ ಸೊರಗಿ ಹೋಗುತ್ತಿತ್ತು. ಗಾಂಜಾ ಸೇದಿದರೆ ಎಷ್ಟೋ ಜನಕ್ಕೆ ನಾಲ್ಕು ತುತ್ತು ಇಳಿಯುತ್ತಿತ್ತು. ಪೊಲೀಸರು ಮನೆಗೆ ನುಗ್ಗಿ ನಾಲ್ಕು ಔನ್ಸ್, ಅಂದರೆ ನೂರು ಗ್ರಾಂ ಚಿಲ್ಲರೆ, ಹಿಡಿದರು. ಡೆನಿಸ್ ಮೇಲೆ ಕೇಸು. ಜೊನಾಥನ್ ಆ ಸ್ಥಿತಿಯಲ್ಲೇ ಕೋರ್ಟಿಗೆ ಬಂದು, ಅದು ನನ್ನದು ಅಂತ ಸಾಕ್ಷಿ ಹೇಳಿದ. ಕೇಸು ಬಿದ್ದುಹೋಯಿತು. ಸ್ವಲ್ಪ ದಿನದಲ್ಲೇ ಜೊನಾಥನ್ ತೀರಿಕೊಂಡ.

ಅಮ್ಮನ ಕೀಮೋ ದಿನಗಳು ನೆನಪಿವೆ ಅಲ್ವಾ ಭಾವ? ಚಮಚ ಬಾಯಿ ಹತ್ತಿರ ತಂದರೆ ಮುಖ ತಿರುಗಿಸುತ್ತಿದ್ದರು. ನೀವೇ ಬಟ್ಟಲು ಹಿಡಿದುಕೊಂಡು ಅರ್ಧರ್ಧ ಗಂಟೆ ಪಕ್ಕದಲ್ಲಿ ಕೂತಿರುತ್ತಿದ್ದಿರಿ. ಆ ಒಂದು ತುತ್ತಿನ ಬೆಲೆ ನಿಮಗೆ ನಾನು ಹೇಳಬೇಕಾ?

ಆಮೇಲೆ ಡೆನಿಸ್ ಸುಮ್ನೆ ಕೂರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಹಿ ಸಂಗ್ರಹಿಸಿ ಒಂದು ಕಾನೂನನ್ನು ನೇರವಾಗಿ ಜನರ ಓಟಿಗೇ ಹಾಕಬಹುದು. 1991ರಲ್ಲಿ, ಔಷಧಿಯಾಗಿ ಗಾಂಜಾ ಸಿಗಬೇಕು ಅನ್ನುವ ಬೇಡಿಕೆಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಹೂಂ ಅಂದರು. ರೋಗಿಗಳಿಗೆ ಗಾಂಜಾ ಸಿಗಲಿ ಅಂತ ಡೆನಿಸ್ ಒಂದು ಕ್ಲಬ್ಬನ್ನೇ ತೆರೆದ. ಜೊತೆಗೆ ಮೇರಿ ರಾತ್‌ಬನ್ ಅನ್ನುವ ಅಜ್ಜಿ ಇದ್ದರು. ಗಾಂಜಾ ಹಾಕಿದ ಬ್ರೌನಿ ಬೇಯಿಸಿ ಏಡ್ಸ್ ರೋಗಿಗಳಿಗೆ ಪುಕ್ಕಟೆ ಹಂಚುತ್ತಿದ್ದರು. ಅವರನ್ನೆಲ್ಲ ನನ್ನ ಮಕ್ಕಳು ಅನ್ನುತ್ತಿದ್ದರು. ಮೂರು ಸಲ ಅರೆಸ್ಟ್ ಆದರೂ ಬಿಡಲಿಲ್ಲ. ಅವರ ವಿಷಯ ಓದುವಾಗ ನನಗೆ ಕಣ್ಣು ತುಂಬಿ ಬಂತು.

1996ರ ಆಗಸ್ಟ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಡ್ಯಾನ್ ಲಂಗ್ರೆನ್ ಕಡೆಯವರು ಕ್ಲಬ್ ಮೇಲೆ ದಾಳಿ ಮಾಡಿದರು. ಮೂರು ತಿಂಗಳಿಗೆ, ನವೆಂಬರ್‌ನಲ್ಲಿ, ಇಡೀ ರಾಜ್ಯ ಓಟು ಹಾಕಿ ಪ್ರೊಪೊಸಿಷನ್ 215 ಅನ್ನುವ ಕಾನೂನನ್ನು ಪಾಸು ಮಾಡಿತು. ಡಾಕ್ಟರ್ ಹೇಳಿದ ರೋಗಿ ಗಾಂಜಾ ಇಟ್ಟುಕೊಳ್ಳಬಹುದು, ಬೆಳೆಯಬಹುದು. ಶೇಕಡಾ 55ಕ್ಕಿಂತ ಜಾಸ್ತಿ ಜನ ಒಪ್ಪಿದ್ದರು. ಆದರೂ ಕ್ಲಬ್ ಮೇಲಿನ ಕೇಸು ನಿಲ್ಲಲಿಲ್ಲ.

1998ರಲ್ಲಿ ಅದೇ ಲಂಗ್ರೆನ್ ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದಿಂದ ನಿಂತರು. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಥರ, ಜನರೇ ಓಟು ಹಾಕಿ ಆರಿಸುತ್ತಾರೆ. ಡೆನಿಸ್ ಅದೇ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಓಟಿನಲ್ಲಿ, ಅವರ ಎದುರೇ ನಿಂತ! ಸೋತ, ಗೆಲ್ಲುವ ಮಾತೇ ಇರಲಿಲ್ಲ. ಲಂಗ್ರೆನ್ ಕೂಡ ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಗ್ರೇ ಡೇವಿಸ್ ಎದುರು ಸೋತರು, ಅದು ಬೇರೆ ವಿಷಯ. ನನಗೆ ಕಾಣೋದು ಇಷ್ಟು: ಬಾಗಿಲು ಒಡೆಸಿದವರ ಹತ್ತಿರ ಹಿಂಬಾಗಿಲಿನಿಂದ ಹೋಗಿ ಕೈ ಮುಗಿಯಲಿಲ್ಲ. ಎಲ್ಲರೆದುರು, ಓಟಿನ ಚೀಟಿಯಲ್ಲಿ ತನ್ನ ಹೆಸರು ಹಾಕಿಸಿ ಕೇಳಿದ. ಪ್ರಜಾಪ್ರಭುತ್ವ ಇರೋದೇ ಇದಕ್ಕೆ ಅಲ್ವಾ?

ಆತ ಹೇಳಿದ್ದೆಲ್ಲ ನನಗೂ ಒಪ್ಪಿಗೆ ಇಲ್ಲ. ಗಾಂಜಾ ಯಾರು ಸೇದಿದರೂ ಅದು ಔಷಧಿಯೇ ಅನ್ನುತ್ತಿದ್ದ. ಅದು ತಪ್ಪು, ಎಳೆ ಹುಡುಗರ ಮಿದುಳಿಗೆ ಅದು ಒಳ್ಳೇದಲ್ಲ. ಇದನ್ನೂ ಪುಟ್ಟಿ ಹೇಳಲಿ. ಇನ್ನೊಂದು, 2016ರಲ್ಲಿ ವಯಸ್ಕರೆಲ್ಲರಿಗೂ ಗಾಂಜಾ ಬಿಡುವ ಪ್ರೊಪೊಸಿಷನ್ 64 ಬಂದಾಗ ಇದೇ ಮನುಷ್ಯ ವಿರೋಧಿಸಿದ. 2018ರಲ್ಲಿ ತೀರಿಕೊಂಡ.

ಪುಟ್ಟೀ, ವಿಷಯ ಬದಲಾಯಿಸಬೇಡ ಕಣೆ. ಗವರ್ನರ್ ಚುನಾವಣೆಯಿಂದ ಶುರು ಮಾಡಬೇಡ, ಜೊನಾಥನ್ ಕೋರ್ಟಿಗೆ ಬಂದ ದಿನದಿಂದ ಮಾಡು. ಭಾವ, ಅವಳು ಮೊದಲ ಸಲ ಓದಿ ತೋರಿಸುವಾಗ ಎದುರಿಗೆ ನೀವೇ ಕೂತ್ಕೊಳ್ಳಿ.