ವಿಚಾರಣಾಧೀನ ಕೈದಿಯನ್ನು ಒಂಟಿ ಸೆಲ್‌ನಲ್ಲಿಟ್ಟರೆ ಅರ್ಜಿ ಹೇಗೆ?

ಕೋಲಾರ_ಜೂನಿಯರ್:
ವಿಚಾರಣಾಧೀನ ಕೈದಿಯೊಬ್ಬರನ್ನು ಬ್ಯಾರಕ್‌ನಿಂದ ತೆಗೆದು ಒಂಟಿ ಸೆಲ್‌ಗೆ ಹಾಕಿದ್ದಾರೆ. ಲಿಖಿತ ಆದೇಶ ಕೊಟ್ಟಿಲ್ಲ. ಕೇಳಿದರೆ ‘ಇದು ಶಿಕ್ಷೆ ಅಲ್ಲ, ಸೆಕ್ಯೂರಿಟಿ’ ಅನ್ನುತ್ತಾರೆ. ಯಾರ ಮುಂದೆ ಅರ್ಜಿ ಹಾಕಬೇಕು, ಅದರಲ್ಲಿ ಏನಿರಬೇಕು?

ತುಮಕೂರು_ಕ್ರಿಮಿನಲ್_ಸೈಡ್:
ಏಕಾಂತ ಸೆರೆ ವಿಧಿಸುವ ಅಧಿಕಾರ ಕೋರ್ಟಿನದು, ಅದೂ ಕಠಿಣ ಸಜೆ ಆದವರಿಗೆ ಮಾತ್ರ. ಭಾರತೀಯ ನ್ಯಾಯ ಸಂಹಿತೆಯ 11 ಮತ್ತು 12ನೇ ಸೆಕ್ಷನ್ ನೋಡಿ (ಹಿಂದೆ ಐಪಿಸಿ 73, 74). ಎಲ್ಲ ಸೇರಿ 3 ತಿಂಗಳು ಮೀರುವಂತಿಲ್ಲ. ಒಂದು ಸಲಕ್ಕೆ 14 ದಿನ, ಆಮೇಲೆ ಅಷ್ಟೇ ದಿನ ಬಿಡುವು. ಸಜೆ 3 ತಿಂಗಳಿಗಿಂತ ಹೆಚ್ಚಿದ್ದರೆ ತಿಂಗಳಿಗೆ 7 ದಿನ ಮಾತ್ರ. ತಪ್ಪು ಸಾಬೀತಾಗದವರಿಗೆ ಇದು ಅನ್ವಯಿಸುವ ಮಾತೇ ಇಲ್ಲ.

‘ಸೆಕ್ಯೂರಿಟಿ’ ಅನ್ನೋ ಹೆಸರಿಗೆ ಹೆದರಬೇಡಿ. ಸುಪ್ರೀಂ ಕೋರ್ಟಿನ 1978ರ ಸುನಿಲ್ ಬಾತ್ರಾ ತೀರ್ಪು ಮರಣದಂಡನೆ ಆದವರ ವಿಷಯದಲ್ಲೇ ಈ ನೆಪವನ್ನು ಒಪ್ಪಲಿಲ್ಲ. 1980ರ ಎರಡನೇ ಬಾತ್ರಾ ತೀರ್ಪಿನ ಪ್ರಕಾರ ಶಿಕ್ಷೆಯ ಸೆಲ್‌ಗೆ ಹಾಕಲು ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು, ತುರ್ತಿದ್ದರೆ ಎರಡು ದಿನದೊಳಗೆ ತಿಳಿಸಬೇಕು. ನಮ್ಮ ರಾಜ್ಯದ್ದೇ ಬೇಕಾದರೆ ಬಿ.ಎ. ಉಮೇಶ್ ಪ್ರಕರಣ ಇದೆ: 2006ರಿಂದ 2016ರವರೆಗೆ ಬೆಳಗಾವಿ ಜೈಲಿನಲ್ಲಿ ಒಂಟಿಯಾಗಿ ಇಟ್ಟದ್ದನ್ನು ಪರಿಗಣಿಸಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು.

ಒಂದು ಎಚ್ಚರಿಕೆ. ಅಭ್ಯಾಸಬಲದಿಂದ 1894ರ ಕೇಂದ್ರ ಕಾರಾಗೃಹ ಕಾಯ್ದೆಯ ಸೆಕ್ಷನ್ ನಂಬರ್ ಬರೆಯುತ್ತಾರೆ. ಇಲ್ಲಿ ನಡೆಯುವುದು 1963ರ ಕರ್ನಾಟಕ ಕಾರಾಗೃಹ ಕಾಯ್ದೆ.

ಪಿಎಲ್‌ವಿ_ಚಿಂತಾಮಣಿ:
ಪಿಎಲ್‌ವಿ (ಕಾನೂನು ನೆರವಿನ ಸ್ವಯಂಸೇವೆ) ಕೆಲಸದಲ್ಲಿ ಕಂಡದ್ದು: ಸರ್ ಹೇಳಿದ ಕಾನೂನಿನ ಜೊತೆಗೆ ವಿವರ ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ‘ಚಿತ್ರಹಿಂಸೆ ಕೊಡುತ್ತಿದ್ದಾರೆ’ ಅಂತ ಬರೆದರೆ ಜೈಲಿನವರು ‘ಇಲ್ಲ’ ಅಂತ ಒಂದು ಸಾಲಲ್ಲಿ ಮುಗಿಸುತ್ತಾರೆ. ಗಂಟೆ ಲೆಕ್ಕ ಬರೆಯಿರಿ: ಬೆಳಿಗ್ಗೆ ಬಾಗಿಲು ಎಷ್ಟಕ್ಕೆ ತೆಗೆದರು, ಎಷ್ಟಕ್ಕೆ ಹಾಕಿದರು, ಊಟ ಸರಳಿನ ಸಂದಿಯಲ್ಲೋ ನಾಲ್ಕು ಜನರ ಜೊತೆಗೋ, ಡಾಕ್ಟರ್ ಕೊನೆಗೆ ನೋಡಿದ್ದು ಯಾವಾಗ. ಮಂಡೇಲಾ ನಿಯಮಗಳಲ್ಲಿ (ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ವಿಶ್ವಸಂಸ್ಥೆಯ ನಿಯಮಗಳು) ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಅರ್ಥಪೂರ್ಣ ಮಾನವ ಸಂಪರ್ಕವಿಲ್ಲದೆ ಇಟ್ಟರೆ ಅದು ಏಕಾಂತ ಸೆರೆ. ಸತತ 15 ದಿನ ದಾಟಿದರೆ ‘ದೀರ್ಘಕಾಲದ್ದು’, ಅದು ನಿಷಿದ್ಧ. ವೈದ್ಯಕೀಯ ಸಿಬ್ಬಂದಿ ದಿನಾ ನೋಡಬೇಕು ಅಂತಲೂ ಇದೆ.

‘ಎಷ್ಟು ದಿನ ಆಯ್ತು’ ಅಂತ ನೇರ ಕೇಳಿದರೆ ತಪ್ಪು ಉತ್ತರ ಬರುತ್ತದೆ, ಒಬ್ಬರೇ ಇದ್ದವರಿಗೆ ದಿನಗಳು ಕಲಸಿಹೋಗಿರುತ್ತವೆ. ಹಿಂದಿನ ವಾಯಿದೆ, ಮನೆಯವರ ಮುಲಾಖಾತ್, ಹಬ್ಬ ಇವನ್ನು ಗುರುತು ಹಿಡಿದು ದಿನ ಹುಡುಕಿ. ವಿಡಿಯೊ ಕಾನ್ಫರೆನ್ಸ್‌ನಲ್ಲಿ ಪಕ್ಕದಲ್ಲೇ ಜೈಲು ಸಿಬ್ಬಂದಿ ಇದ್ದರೆ ಕೈದಿ ಬಾಯಿ ಬಿಡುವುದಿಲ್ಲ. ಮುಂದಿನ ವಾಯಿದೆಗೆ ಖುದ್ದು ಹಾಜರುಪಡಿಸಲು ಮೆಮೊ (ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಕೋರಿಕೆ) ಹಾಕಿ.

ತುಮಕೂರು_ಕ್ರಿಮಿನಲ್_ಸೈಡ್:
ಅರ್ಜಿ ವಿಚಾರಣಾ ನ್ಯಾಯಾಲಯಕ್ಕೆ, ಪ್ರತಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಅದರ ಅಧ್ಯಕ್ಷರು ಪ್ರಧಾನ ಜಿಲ್ಲಾ ನ್ಯಾಯಾಧೀಶರೇ. ಲಿಖಿತ ಆದೇಶ, ಶಿಕ್ಷೆಯ ರಿಜಿಸ್ಟರ್, ವೈದ್ಯರ ಭೇಟಿಯ ದಾಖಲೆ ಮೂರನ್ನೂ ತರಿಸಲು ಕೇಳಿ. ಆದೇಶವೇ ಇಲ್ಲ ಅಂದರೆ ಅದೇ ನಿಮ್ಮ ಬಲ. ಅಲ್ಲಿ ಆಗದಿದ್ದರೆ ಹೈಕೋರ್ಟ್‌ಗೆ ರಿಟ್.

ಕೋಲಾರ_ಜೂನಿಯರ್:
ಬ್ಯಾರಕ್‌ನಲ್ಲಿ ಹೊಡೆದಾಟ ಆಗಿತ್ತು, ಅವರಿಗೂ ವಾಪಸ್ ಹೋಗಲು ಭಯ. ಆಗ?

ಪಿಎಲ್‌ವಿ_ಚಿಂತಾಮಣಿ:
ಹಾಗಿದ್ದರೆ ‘ಬ್ಯಾರಕ್‌ಗೆ ವಾಪಸ್ ಹಾಕಿ’ ಅಂತ ಕೇಳಲೇಬೇಡಿ. ‘ಬೇರೆ ಬ್ಯಾರಕ್ ಅಥವಾ ಜೊತೆಗೆ ಇನ್ನಿಬ್ಬರು, ಹೊರಗೆ ಓಡಾಟ, ಎಲ್ಲರಂತೆ ಮುಲಾಖಾತ್ ಮತ್ತು ಫೋನ್’ ಅಂತ ಬಿಡಿಸಿ ಬರೆಯಿರಿ. ರಕ್ಷಣೆಗಾಗಿ ಬೇರೆ ಇಡುವುದಕ್ಕೂ ಮಾತೇ ಇಲ್ಲದಂತೆ ಮಾಡುವುದಕ್ಕೂ ಸಂಬಂಧವಿಲ್ಲ. ಇನ್ನೊಂದು ಅಪಾಯ: ಇಂಥ ಅರ್ಜಿಗೆ ಸುಲಭದ ಉತ್ತರವಾಗಿ ಬಳ್ಳಾರಿಗೋ ಕಲಬುರಗಿಗೋ ವರ್ಗ ಮಾಡಿಬಿಡಬಹುದು, ಕೋಲಾರದ ಮನೆಯವರು ಅಲ್ಲಿಗೆ ಹೋಗಿ ನೋಡಲಾರರು. ‘ನಮ್ಮ ಅಹವಾಲು ಕೇಳದೆ ಬೇರೆ ಜೈಲಿಗೆ ಕಳಿಸಬಾರದು’ ಎಂಬ ಸಾಲು ಈಗಲೇ ಸೇರಿಸಿ.

ನಿದ್ದೆ ಬಿಟ್ಟಿದ್ದರೆ, ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರೆ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ತಪಾಸಣೆಗೆ ಬೇರೆಯೇ ಮೆಮೊ ಹಾಕಿ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 103ನೇ ಸೆಕ್ಷನ್ (ಮಾನಸಿಕ ಕಾಯಿಲೆ ಇರುವ ಕೈದಿಗಳ ಕುರಿತದ್ದು) ನಮೂದಿಸಿ. ಮುಖ್ಯ ಅರ್ಜಿಯ ತೀರ್ಮಾನ ಬರುವವರೆಗೆ ಇದನ್ನು ಕಾಯಿಸಬೇಡಿ.