ಮಾಳಗಿ ಮ್ಯಾಲಿಂದ ಶನಿ ಕಾಣ್ತಾನ, ಗ್ಯಾಲಕ್ಸಿ ಯಾಕ ಕಾಣವಲ್ವು?

ಪ್ರಶ್ನೆ (ಕಲಬುರಗಿ, ಜೇವರ್ಗಿ ರೋಡ್): ಮೇಡಂ ನಮಸ್ಕಾರ್ರಿ. ಬ್ಯಾಸಗಿ ಮುಂದ 8 ಇಂಚಿನ ಡಾಬ್ (ಕೈಲೆ ತಿರುಗಿಸೋ ಕನ್ನಡಿಯ ಡಾಬ್ಸೋನಿಯನ್) ಟೆಲಿಸ್ಕೋಪ್ ತಗೊಂಡೀನ್ರಿ, ಎಫ್ 6 (ಅಂದ್ರ ಫೋಕಸ್ ದೂರ ಕನ್ನಡಿ ಅಗಲದ 6 ಪಟ್ಟು), ಅದರ ಜೋಡಿ 25 ಮತ್ತ 10 ಎಂಎಂ ಐಪೀಸ್ (ಕಣ್ಣಿಡೋ ಮಸೂರ) ಬಂದಾವ. ಮಾಳಗಿ ಮ್ಯಾಲ ಇಟ್ಟು ನೋಡ್ತೀನಿ. ಚಂದ್ರ, ಗುರು, ಶನಿ ಒಂದ ನಂಬರ್ ಕಾಣ್ತಾವ, ಅದರಾಗ ಮಾತೇ ಇಲ್ಲ. ಆದ್ರ ಗ್ಯಾಲಕ್ಸಿ ಅಂದ್ರ ಸೊನ್ನಿ. ಬ್ಯಾಸಗ್ಯಾಗ ಎಂ 101 (ಎಂ ಅಂದ್ರ ಮೆಸ್ಸಿಯೇ ಪಟ್ಟಿಯ ನಂಬರ್) ಹುಡುಕಿ ಹುಡುಕಿ ಕುತ್ತಿಗಿ ಹಿಡಕೊಂತು, ಈಗ ದೀಪಾವಳಿ ಆದ ಮ್ಯಾಲ ಎಂ 33 ಹುಡುಕಿದ್ರ ಅದೂ ಹಂಗೇ, ಆ್ಯಪ್ ನೋಡಿ ಬರೋಬರ್ ಜಾಗಾಕ್ಕೇ ತಿರುಗಿಸ್ತೀನ್ರಿ ಆದ್ರೂ ಏನೂ ಇಲ್ಲ. ಆದ್ರ ಎಂ 57, ಆ ಉಂಗುರ ನೆಬ್ಯುಲಾ (ಹೊಳಿಯೋ ಅನಿಲದ ಮೋಡ), ಸಣ್ಣಗ ಆದ್ರೂ ಖರೇನೇ ಕಾಣ್ತು. ಪಟ್ಟಿಯೊಳಗ ಎಂ 101 ಮ್ಯಾಗ್ನಿಟ್ಯೂಡ್ 7.9 ಅದ, ಎಂ 57 ದು 8.8. ಅಂಕಿ ಕಮ್ಮಿ ಇದ್ರ ಬೆಳಕು ಹೆಚ್ಚು ಅಂತಾರಲ್ರಿ, ಇಲ್ಲಿ ಉಲ್ಟಾ ಯಾಕ? ದೋಸ್ತ ಒಬ್ಬವ 12 ಇಂಚಿಂದು ತಗೋ ಅಂತ ಗಂಟು ಬಿದ್ದಾನ. ತಗೋಬೇಕೇನ್ರಿ?

ಉತ್ತರ (ಮೇಡಂ, ಫಿಸಿಕ್ಸ್ ಲೆಕ್ಚರರ್): ಮೊದಲ ರೊಕ್ಕ ಕಿಸೆದಾಗ ಇಡು ತಮ್ಮಾ. ನಿನ್ನ ಟೆಲಿಸ್ಕೋಪ್ ಚಲೋ ಅದ, ಎಂ 57 ತೋರಿಸ್ತಲ್ಲ, ಅಷ್ಟು ಸಾಕ್ಷಿ ಸಾಕು.

ನಿನ್ನ ಪಟ್ಟಿಯಾಗಿನ ಮ್ಯಾಗ್ನಿಟ್ಯೂಡ್ ಅಂದ್ರ ಆ ವಸ್ತುವಿನ ಇಡೀ ಬೆಳಕು ಒಂದೇ ಚುಕ್ಕಿಯೊಳಗ ಕೂಡಿಸಿಟ್ರ ಎಷ್ಟಾಗ್ತದ ಅನ್ನೋ ಲೆಕ್ಕ. ನಕ್ಷತ್ರಕ್ಕ ಅದು ಸರಿ, ಯಾಕಂದ್ರ ನಕ್ಷತ್ರ ಚುಕ್ಕಿನೇ. ಆದ್ರ ಎಂ 101 ಹೆಚ್ಚೂಕಮ್ಮಿ ಹುಣ್ಣಿಮಿ ಚಂದ್ರನಷ್ಟು ಅಗಲ ಅದ, ಎಂ 57 ನೋಡಿದ್ರ ಒಂದು ಆರ್ಕ್‌ಮಿನಿಟ್‌ಗಿಂತ ಸ್ವಲ್ಪ ದೊಡ್ಡದು ಅಷ್ಟೇ (ಒಂದು ಡಿಗ್ರಿಯ 60 ರಾಗ ಒಂದು ಪಾಲಿಗಿ ಆರ್ಕ್‌ಮಿನಿಟ್ ಅಂತಾರ), ಚಂದ್ರ 30 ಆರ್ಕ್‌ಮಿನಿಟ್. ಒಂದು ಚಮಚ ಬೆಣ್ಣಿ ಒಂದು ರೊಟ್ಟಿಗಿ ಹಚ್ಚಿದ್ರ ಕಾಣ್ತದ, ಇಡೀ ಓಣಿ ರೊಟ್ಟಿಗೆಲ್ಲ ಸವರಿದ್ರ ಎಲ್ಲಿ ಕಾಣ್ಬೇಕು? ಲೆಕ್ಕ ಹಾಕಿ ನೋಡು, ಸರಾಸರಿ ತಗೊಂಡ್ರ ಒಂದೇ ಅಳತಿ ಜಾಗಾದಾಗ ಎಂ 57 ದು ಎಂ 101 ಕ್ಕಿಂತ 200 ಪಟ್ಟಿಗಿಂತ ಹೆಚ್ಚು ಬೆಳಕು. ಇದಕ್ಕ ಸರ್ಫೇಸ್ ಬ್ರೈಟ್‌ನೆಸ್ ಅಂತಾರ, ಗ್ಯಾಲಕ್ಸಿ ನೋಡೋರು ನೋಡಬೇಕಾದ ಅಂಕಿ ಇದು. ಎಂ 33 ಮ್ಯಾಗ್ನಿಟ್ಯೂಡ್ 5.7 ಅಂತ ಓದಿ ಖುಷಿಪಟ್ಟು ಹೋದೋರೆಲ್ಲ ಬರೀ ಕೈಲೆ ವಾಪಸ್ ಬರೋದೂ ಇದಕ್ಕೇ.

ಇನ್ನ 12 ಇಂಚು. ಊರಾಗಿನ ಆಕಾಶಕ್ಕ ತನ್ನದೇ ಒಂದು ಬೆಳಕು ಅದ, ಎಲ್ಇಡಿ ಬೀದಿದೀಪ, ಅಂಗಡಿ ಬೋರ್ಡು, ಧೂಳು, ಎಲ್ಲ ಕೂಡಿ. ಗ್ಯಾಲಕ್ಸಿ ಆ ಬೆಳಕಿನ ಮ್ಯಾಲ ಒಂಚೂರು ಹೆಚ್ಚಿಗಿ ಬೆಳಕು, ಅಷ್ಟೇ. ದೊಡ್ಡ ಕನ್ನಡಿ ಗ್ಯಾಲಕ್ಸಿ ಬೆಳಕನ್ನ ಎಷ್ಟು ಪಟ್ಟು ಕೂಡಿಸ್ತದೋ ಆಕಾಶದ ಬೆಳಕನ್ನೂ ಅಷ್ಟೇ ಪಟ್ಟು ಕೂಡಿಸ್ತದ, ಎರಡರ ನಡುವಿನ ಫರಕ್ ಅಲ್ಲೇ ಉಳೀತದ. ಅದಕ್ಕ ನಾ ಹೇಳೋದು, ಊರಾಗಿನ 12 ಇಂಚಿಗಿಂತ ಹೊಲದಾಗಿನ 8 ಇಂಚು ಗ್ಯಾಲಕ್ಸಿಗಿ ಎಷ್ಟೋ ಪಾಲು ಮೇಲು. 12 ಇಂಚಿನ ರೊಕ್ಕದಾಗ ಎಷ್ಟು ಸಲ ಪೆಟ್ರೋಲ್ ಹಾಕಿಸ್ಬಹುದು ನೀನೇ ನೋಡು, ಮ್ಯಾಲ 12 ಇಂಚಿನ ಡಾಬ್ ಎತ್ತೋಕ ಇಬ್ಬರು ಬೇಕು.

ಪ್ರಶ್ನೆ (ಅದೇ ಜೇವರ್ಗಿ ರೋಡ್): ಆತ್ರಿ ಮೇಡಂ, ಹೊಲಕ್ಕ ಹೋಗ್ತೀನಿ. ಆದ್ರ ಒಮ್ಮೆ ದೋಸ್ತನ ಊರಾಗ ನೋಡಿದಾಗೂ ಎಂ 33 ಸಿಗ್ಲಿಲ್ರಿ, ಅಲ್ಲಿ ಕತ್ತಲಿ ಚಲೋನೇ ಇತ್ತು.

ಉತ್ತರ: ಎಷ್ಟೊತ್ತು ಕತ್ತಲ್ಯಾಗ ಇದ್ದಿ, ನಡುವ ಮೊಬೈಲ್ ನೋಡಿದ್ಯಾ, ಅದು ಹೇಳು ಮೊದಲ. ಆ್ಯಪ್ ಅಂದ್ಯಲ್ಲ, ಅಲ್ಲೇ ಗೊತ್ತಾತು ನನಗ.

ಕಣ್ಣಾಗ ಎರಡು ಥರದ ಜೀವಕೋಶ ಅವ. ಬಣ್ಣ ನೋಡೋವು ಕೋನ್, ಅವು ನಡುವ ಗುಂಪಾಗಿ ಅವ, ಕತ್ತಲಿಗಿ 10 ನಿಮಿಷದಾಗ ಹೊಂದಿಕೊಂಡು ಅಲ್ಲಿಗೇ ನಿಲ್ತಾವ. ಮಂದ ಬೆಳಕು ಹಿಡಿಯೋವು ರಾಡ್, ಅವಕ್ಕ ಅರ್ಧ ತಾಸು ಬೇಕು, ಇನ್ನೂ ಸ್ವಲ್ಪ ಕುಂತ್ರ ಇನ್ನೂ ಚಲೋ. ಬಿಳಿ ಬೆಳಕು ಒಮ್ಮೆ ಕಣ್ಣಿಗಿ ಬಿತ್ತು ಅಂದ್ರ ಮತ್ತ ಮೊದಲಿಂದ ಶುರು. ರಾಡ್‌ಗೆ ಕೆಂಪು ಬೆಳಕು ಭಾಳ ತಾಗಂಗಿಲ್ಲ, ಅದಕ್ಕೇ ಕೆಂಪು ಟಾರ್ಚ್ ಅಂತ ಹೇಳ್ತಾರ, ಅದೂ ಮಂದ ಇರಬೇಕು. ಆ್ಯಪ್‌ದಾಗ ನೈಟ್ ಮೋಡ್ ಇದ್ರೂ ಸ್ಕ್ರೀನ್ ಪೂರಾ ಕಪ್ಪು ಆಗಂಗಿಲ್ಲ, ನನ್ನ ಮಟ್ಟಿಗಿ ಕಾಗದದ ನಕ್ಷೆನೇ ಪಾಡು.

ಮತ್ತ ಈ ರಾಡ್‌ಗಳು ಕಣ್ಣಿನ ನಟ್ಟನಡುವ ಇಲ್ಲ, ನಡುವಿಂದ ಸುಮಾರು 15 ರಿಂದ 20 ಡಿಗ್ರಿ ಆಚಿಗಿ ಹೆಚ್ಚು ಅವ. ಅಂದ್ರ ನೀ ನೆಟ್ಟಗ ನೋಡಿದ್ರ ಗ್ಯಾಲಕ್ಸಿ ಮಾಯ, ಪಕ್ಕಕ್ಕ ನೋಡಿದ್ರ ಹಾಜರ್. ಯಾವ ಪಕ್ಕಕ್ಕ ಅನ್ನೋದೂ ಅದ. ಬಲಗಣ್ಣಿಲೆ ನೋಡ್ತಿದ್ರ ನಿನ್ನ ದೃಷ್ಟಿ ವಸ್ತುವಿಗಿಂತ ಸ್ವಲ್ಪ ಬಲಕ್ಕ ಇಡು, ಅಂದ್ರ ವಸ್ತು ಮೂಗಿನ ಕಡಿ ಬರಬೇಕು. ಉಲ್ಟಾ ಮಾಡಿದ್ರ ಕಣ್ಣಿನ ಕುರುಡು ಚುಕ್ಕಿ ಮ್ಯಾಲ ಬಿದ್ದು ಇದ್ದದ್ದೂ ಹೋಗ್ತದ. ಎಡಗಣ್ಣಿಗಿ ಇದರ ಉಲ್ಟಾ. ಕಂಡಂಗ ಆತು ಕಾಣಲಾರ್ದಂಗ ಆತು ಅನಿಸಿದ್ರ ಟ್ಯೂಬಿಗಿ ಬೆರಳಿಲೆ ಸಣ್ಣಗ ತಟ್ಟು, ಅಲುಗಾಡೋ ಮಸುಕು ನಮ್ಮ ಕಣ್ಣಿಗಿ ಲಗೂನ ಸಿಗ್ತದ. ತಲಿ ಮ್ಯಾಲ ಕಪ್ಪು ಶಾಲು ಹೊದ್ದುಕೊಂಡು ನೋಡು, ಮಂದಿ ನಕ್ರ ನಗ್ಲಿ. ಉಸಿರು ಹಿಡೀಬ್ಯಾಡ, ಆಕ್ಸಿಜನ್ ಕಮ್ಮಿ ಆದ್ರ ಮೊದಲ ಮಂದ ಆಗೋದು ಇದೇ ದೃಷ್ಟಿ.

ಎಂ 33 ಗೆ 25 ಎಂಎಂ ಐಪೀಸೇ ಹಾಕು, 48 ಪಟ್ಟು ದೊಡ್ಡದು ಕಾಣ್ತದ. ನಕ್ಷೆ ಒಳಗ ಮಿರಾಕ್ ನಕ್ಷತ್ರದ ಒಂದು ಕಡಿ ಎಂ 31 (ಆಂಡ್ರೊಮೆಡಾ ಗ್ಯಾಲಕ್ಸಿ), ಹೆಚ್ಚೂಕಮ್ಮಿ ಅಷ್ಟೇ ದೂರದಾಗ ಇನ್ನೊಂದು ಕಡಿ ಎಂ 33. ಫೋಟೋದಂಗ ಸುರುಳಿ ಹುಡುಕಬ್ಯಾಡ, ಐಪೀಸ್ ಒಳಗ ಒಂದು ಕಡಿ ಆಕಾಶ ಸ್ವಲ್ಪ ಬೆಳ್ಳಗ ಅದ ಅನಿಸ್ತದಲ್ಲ, ಅದೇ ಎಂ 33.

ಪ್ರಶ್ನೆ (ಯಾದಗಿರಿ): ಮೇಡಂ ನಡುವ ಬಂದೆ, ಸಿಟ್ಟಾಗಬ್ಯಾಡ್ರಿ. ಓ-ತ್ರೀ ಫಿಲ್ಟರ್ ಹಾಕಿದ್ರ ಊರಾಗಿಂದನೇ ಎಲ್ಲ ಕಾಣ್ತದ ಅಂತಾರಲ್ರಿ? ಮತ್ತ ಫೋಟೋದಾಗ ಅಷ್ಟು ಬಣ್ಣ ಇರ್ತಾವ, ನನಗ ಎಲ್ಲಾ ಬೂದಿ ಬಣ್ಣನೇ ಕಾಣ್ತಾವ.

ಉತ್ತರ: ಎಲ್ಲ ಅಲ್ರಿ, ಪ್ಲಾನೆಟರಿ ನೆಬ್ಯುಲಾ (ಸಾಯೋ ನಕ್ಷತ್ರ ಹೊರಗ ಚೆಲ್ಲಿದ ಅನಿಲ, ಎಂ 57 ದಂಗ) ಮತ್ತ ಕೆಲವು ಅನಿಲ ನೆಬ್ಯುಲಾ ಅಷ್ಟೇ. ಇದರ ಹಿಂದ ಚಂದದ ಕಥಿ ಅದ. 1864 ರಾಗ ವಿಲಿಯಂ ಹಗಿನ್ಸ್ ಅನ್ನೋರು ಎನ್‌ಜಿಸಿ 6543 (ಎನ್‌ಜಿಸಿ ಅಂದ್ರ ಇನ್ನೊಂದು ದೊಡ್ಡ ಪಟ್ಟಿ) ಅಂದ್ರ ಬೆಕ್ಕಿನ ಕಣ್ಣು ನೆಬ್ಯುಲಾದ ಬೆಳಕನ್ನ ಸ್ಪೆಕ್ಟ್ರೋಸ್ಕೋಪ್ (ಬೆಳಕನ್ನ ಬಣ್ಣಬಣ್ಣಾಗಿ ಬಿಡಿಸೋ ಸಾಧನ) ಒಳಗ ಹಾಕಿ ನೋಡಿದ್ರು, ನಕ್ಷತ್ರದಂಗ ಎಲ್ಲ ಬಣ್ಣದ ಪಟ್ಟಿ ಬರಲಿಲ್ಲ, ಬರೀ ಹಸಿರು ಕಡಿ ಒಂದೆರಡು ಗೆರಿ ಬಂದವು. ಭೂಮಿ ಮ್ಯಾಲ ಅಂಥಾ ಗೆರಿ ಯಾರೂ ನೋಡಿದ್ದಿಲ್ಲ, ಹೊಸಾ ಮೂಲವಸ್ತು ಇರಬೇಕು ಅಂತ ನೆಬ್ಯುಲಿಯಂ ಅಂತ ಹೆಸರೂ ಇಟ್ರು. 1927 ರಾಗ ಐರಾ ಬೋವೆನ್ ಅನ್ನೋರು ಬಿಡಿಸಿ ಹೇಳಿದ್ರು, ಅದು ಎರಡು ಎಲೆಕ್ಟ್ರಾನ್ ಕಳಕೊಂಡ ಆಕ್ಸಿಜನ್, ಅನಿಲ ಭಾಳ ತೆಳ್ಳಗ ಇದ್ದಾಗ ಅಷ್ಟೇ ಆ ಗೆರಿ ಬರ್ತಾವ ಅಂತ. 495.9 ಮತ್ತ 500.7 ನ್ಯಾನೊಮೀಟರ್. ನಿಮ್ಮ ಓ-ತ್ರೀ ಫಿಲ್ಟರ್ ಈ ಎರಡಕ್ಕ ಬಾಗಲಾ ತಗದು ಉಳಿದ ಬೆಳಕು, ಬೀದಿದೀಪದ್ದೂ ಸೇರಿ, ಬಹುತೇಕ ಹೊರಗ ಇಡ್ತದ. ಕತ್ತಲಿಗಿ ಹೊಂದಿಕೊಂಡ ಕಣ್ಣಿಗಿ ಭಾಳ ಚುರುಕಾಗಿ ಕಾಣೋ ಬಣ್ಣನೂ ಇದರ ಹತ್ರನೇ ಅದ, ಅದೊಂದು ನಮ್ಮ ನಸೀಬು.

ಗ್ಯಾಲಕ್ಸಿ ಅಂದ್ರ ಕೋಟಿಗಟ್ಲೆ ನಕ್ಷತ್ರ, ಎಲ್ಲ ಬಣ್ಣದ ಬೆಳಕು. ಅದಕ್ಕ ಈ ಫಿಲ್ಟರ್ ಹಾಕಿದ್ರ ಆಕಾಶದ ಜೋಡಿ ಗ್ಯಾಲಕ್ಸಿನೂ ಹೋಗ್ತದ. ಲೈಟ್ ಪೊಲ್ಯೂಷನ್ ಫಿಲ್ಟರ್ ಅಂತ ಮಾರ್ತಾರ, ಈಗಿನ ಬಿಳಿ ಎಲ್ಇಡಿ ಮುಂದ ಅದರ ಆಟ ಭಾಳ ನಡಿಯಂಗಿಲ್ಲ, ತಗೋಬ್ಯಾಡ್ರಿ. ಗ್ಯಾಲಕ್ಸಿಗಿ ಫಿಲ್ಟರ್ ಅಂದ್ರ ಬಸ್ ಟಿಕೆಟ್ಟೇ.

ಸಣ್ಣ ಪ್ಲಾನೆಟರಿ ಹುಡುಕೋದು ಬ್ಯಾರೆ ಆಟ. ಕಮ್ಮಿ ಪಟ್ಟಿನಾಗ ಅವು ನಕ್ಷತ್ರದಂಗೇ ಕಾಣ್ತಾವ. ಫಿಲ್ಟರ್ ಕೈಯಾಗ ಹಿಡಕೊಂಡು ಕಣ್ಣು ಮತ್ತ ಐಪೀಸ್ ನಡುವ ತರ್ರಿ, ತಗೀರಿ, ತರ್ರಿ, ತಗೀರಿ. ಸುತ್ತಲಿನ ನಕ್ಷತ್ರ ಎಲ್ಲ ಮಂಕಾಗ್ತಾವ, ಒಂದು ಮಾತ್ರ ಹಂಗೇ ನಿಲ್ತದ, ಅದನ್ನ ಹಿಡೀರಿ. ಆಮ್ಯಾಲ 150, 200 ಪಟ್ಟು ಮಾಡ್ರಿ, ಹೆದರಬ್ಯಾಡ್ರಿ, ಅವಕ್ಕ ಬೆಳಕು ಸಾಕಷ್ಟು ಅದ. ಮಿಥುನದಾಗಿನ ಎನ್‌ಜಿಸಿ 2392 ಪಕ್ಕಕ್ಕ ಒಂದು 8ನೇ ಮ್ಯಾಗ್ನಿಟ್ಯೂಡ್ ನಕ್ಷತ್ರ ಅದ, ನೋಡಿದ್ರ ಜೋಡಿ ನಕ್ಷತ್ರ ಅನಿಸ್ತದ, ಒಂದು ಚೂಪು ಇನ್ನೊಂದು ಉಣ್ಣಿ ಉಂಡಿಯಂಗ ಮಬ್ಬು.

ಬಣ್ಣ ಬೇಕಂದ್ರೂ ಇವೇ ಗತಿ. ರಾಡ್‌ಗೆ ಬಣ್ಣ ಗೊತ್ತಾಗಂಗಿಲ್ಲ, ಕೋನ್ ಏಳಬೇಕಂದ್ರ ಬೆಳಕು ದಟ್ಟ ಇರಬೇಕು. ಎನ್‌ಜಿಸಿ 7662, 3242, 7009 ಇವು ನೀಲಿ-ಹಸಿರು ಕಾಣ್ತಾವ, ಆದ್ರ ಬಣ್ಣ ನೋಡೋಕ ನೆಟ್ಟಗ ನೋಡಬೇಕು ಮತ್ತ ಫಿಲ್ಟರ್ ತಗೀಬೇಕು. ಗ್ಯಾಲಕ್ಸಿ ಬಣ್ಣ ಈ ಅಳತಿ ಟೆಲಿಸ್ಕೋಪಿನಾಗ ಯಾರಿಗೂ ಕಾಣಂಗಿಲ್ರಿ. ಕ್ಯಾಮೆರಾ ತಾಸುಗಟ್ಲೆ ಬೆಳಕು ಕೂಡಿಸಿಕೊಂತ ಕೂಡ್ತದ, ನಮ್ಮ ಕಣ್ಣು ಹಂಗ ಕೂಡಿಡಂಗಿಲ್ಲ.

ಪ್ರಶ್ನೆ (ಬೀದರ್): ಮೇಡಂ, ನಾನು ರಿಟೈರ್ ಆದವ್ರಿ, ಕನ್ನಡಕ ಅದ, ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂ) ನಂಬರೂ ಅದ. ನಮ್ಮಂಥ ಕಣ್ಣಿಗಿ ಇವೆಲ್ಲ ಆಗ್ತಾವೇನ್ರಿ?

ಉತ್ತರ: ಯಾಕ ಆಗಂಗಿಲ್ರಿ ಸರ್. ಹುಡುಗರ ಕಣ್ಣಿನ ಪಾಪಿ ಕತ್ತಲ್ಯಾಗ 7 ಎಂಎಂ ತನ ಅಗಲ ಆಗ್ತದ, ವಯಸ್ಸಾದಂಗ 5 ರ ಹತ್ರ ಬರ್ತದ. ಐಪೀಸಿನ ಎಂಎಂ ನ ಎಫ್ ನಂಬರಿಲೆ ಭಾಗಿಸ್ರಿ, 25 ಭಾಗ 6 ಅಂದ್ರ 4.2 ಎಂಎಂ, ಅಷ್ಟು ಅಗಲದ ಬೆಳಕಿನ ಕಂಬ ಹೊರಗ ಬರ್ತದ, ನಿಮ್ಮ ಪಾಪಿಯೊಳಗ ಹಿಡೀತದ. ದೂರದ, ಹತ್ರದ ನಂಬರಿಗಿ ಕನ್ನಡಕ ತಗದು ಫೋಕಸ್ ತಿರುಗಿಸಿದ್ರ ಆತು. ಸಿಲಿಂಡರ್ ಮಾತ್ರ ಫೋಕಸ್‌ಗೆ ಬಗ್ಗಂಗಿಲ್ಲ, ಆದ್ರ ಬೆಳಕಿನ ಕಂಬ 2 ಎಂಎಂ ಆಸುಪಾಸು ಇದ್ರ ಅದರ ತೊಂದರಿ ಗೊತ್ತೇ ಆಗಂಗಿಲ್ಲ. ಎಫ್ 6 ಕ್ಕ 12 ರಿಂದ 15 ಎಂಎಂ ಐಪೀಸ್ ಅಂದ್ರ ಅಷ್ಟೇ ಬರ್ತದ, ಬಹಳಷ್ಟು ಗ್ಯಾಲಕ್ಸಿಗಿ ಬೇಕಾದ್ದೂ ಅದೇ. ಜೇವರ್ಗಿ ರೋಡ್ ತಮ್ಮಾ ನೀನೂ ಕೇಳು, ನಿನ್ನ 25 ಮತ್ತ 10 ರ ನಡುವ ಇದೊಂದು ಬೇಕು, ಖರ್ಚು ಮಾಡೋದಿದ್ರ ಇದಕ್ಕ ಮಾಡು. ಪೊರೆ ಬಂದಿದ್ರ ಮಾತ್ರ ಡಾಕ್ಟರ್ ಹತ್ರ ಹೋಗ್ರಿ ಸರ್, ಅದಕ್ಕ ನಮ್ಮ ಹತ್ರ ಐಪೀಸ್ ಇಲ್ಲ.

ಪ್ರಶ್ನೆ (ಯಾದಗಿರಿ): ನನ್ನ ಹತ್ರ ಟೆಲಿಸ್ಕೋಪ್ ಇಲ್ರಿ ಖರೇ ಹೇಳಬೇಕಂದ್ರ, ತಮ್ಮಂದು ಬೈನಾಕ್ಯುಲರ್ ಅದ, 10 ಗುಣಾ 50.

ಉತ್ತರ: ಅದು ಕಮ್ಮಿ ಏನ್ರಿ? ಎಂ 31 ಆಕಾಶದಾಗ ಆರು ಚಂದ್ರನಷ್ಟು ಉದ್ದ, ಡಾಬ್ ಒಳಗ ಅದರ ನಡುವಿನ ತುಂಡು ಅಷ್ಟೇ ಕಾಣ್ತದ, ಇಡೀದು ನೋಡೋಕ ನಿಮ್ಮದೇ ಮೇಲು. 25 ಲಕ್ಷ ಬೆಳಕಿನ ವರ್ಷ ದೂರದ್ದು, ಚಲೋ ಕತ್ತಲಿ ಇದ್ರ ಬರೀ ಕಣ್ಣಿಗೂ ಕಾಣ್ತದ. ತೆಂಕಣ ದಿಕ್ಕಿಗಿ ಎನ್‌ಜಿಸಿ 253 ಗ್ಯಾಲಕ್ಸಿ ನೋಡ್ರಿ. ಲಂಡನ್‌ದವರಿಗೆ ಅದು 13 ಡಿಗ್ರಿ ಮ್ಯಾಲ ಬರಂಗಿಲ್ಲ, ಕಲಬುರಗಿಯೊಳಗ 47 ಡಿಗ್ರಿ ಏರ್ತದ. ಪುಸ್ತಕ ಬರದೋರು ಬಹಳಷ್ಟು ಮಂದಿ ಉತ್ತರದ ಊರಿನೋರು, ಅದಕ್ಕ ಅವರು ಕಷ್ಟ ಅಂದದ್ದೆಲ್ಲ ನಮಗ ಕಷ್ಟ ಅಲ್ಲ. ಏಪ್ರಿಲ್‌ದಾಗ ಸೆಂಟಾರಸ್ ಎ ಗ್ಯಾಲಕ್ಸಿ, ಅದೂ 30 ಡಿಗ್ರಿ ಎತ್ತರ, ಧೂಳು ಇಲ್ಲದ ದಿನ ಸಿಕ್ರ ಮಾತ್ರ.

ಪ್ರಶ್ನೆ (ಜೇವರ್ಗಿ ರೋಡ್): ಕೊನಿಗಿ ಒಂದ್ರಿ ಮೇಡಂ. ಎಲ್ಲರೂ ಅಮಾಸಿ ರಾತ್ರಿ ನೋಡು ಅಂತಾರ, ನಮ್ಮವ್ವ ಅಮಾಸಿ ದಿನ ಗಾಡಿ ತಗದ್ರ ಕಾಲು ಮುರೀತೀನಿ ಅಂತಾಳ. ಹೆಂಗ ಮಾಡ್ಲಿ? ಮತ್ತ ಯಾವ ಜಾಗಾ?

ಉತ್ತರ: ಅವ್ವನ ಜೋಡಿ ಜಗಳ ಬ್ಯಾಡ. ಅಮಾಸಿ ಆಗಿ ಎರಡು ಮೂರು ದಿನಕ್ಕ ಚಂದ್ರ ಸಂಜಿಗೇ ಮುಳುಗ್ತಾನ, ಅಮಾಸಿ ಹಿಂದಿನ ವಾರ ನಡುರಾತ್ರಿ ಆದ ಮ್ಯಾಲೇ ಏಳ್ತಾನ, ಆ ದಿನಗಳೂ ಅಷ್ಟೇ ಪಾಡು. ಆದ್ರ ಎಳ್ಳ ಅಮಾಸಿ ಬಿಡಬ್ಯಾಡ. ಅವತ್ತ ಅವ್ವನೇ ಬುತ್ತಿ ಕಟ್ಟಿಕೊಂಡು ಹೊಲಕ್ಕ ಹೊಂಡ್ತಾಳಲ್ಲ, ಟೆಲಿಸ್ಕೋಪೂ ಅದೇ ಗಾಡ್ಯಾಗ ಹಾಕು, ಚರಗ ಚೆಲ್ಲಿ ಭಜ್ಜಿ ರೊಟ್ಟಿ ಉಂಡ ಮ್ಯಾಲ ನೀ ಒಬ್ಬ ದೋಸ್ತನ ಜೋಡಿ ಅಲ್ಲೇ ಉಳಿ. ಏಳೂವರಿಗಿ ಎಂ 33 ನಡುನೆತ್ತಿ ಹತ್ರ ಇರ್ತದ. ಡಾಬ್‌ಗೆ ನೆತ್ತಿ ಮ್ಯಾಲಿನ ಜಾಗಾ ತಿರುಗಿಸೋಕ ಕಷ್ಟ, ಒಂದು ತಾಸು ತಡೆದ್ರ ಪಡುವಣಕ್ಕ ವಾಲ್ತದ, ಆವಾಗ ಹಿಡಿ. ಅಷ್ಟೊತ್ತು ಎನ್‌ಜಿಸಿ 253 ನೋಡು, ಅದು ಮೊದಲು ಇಳೀತದ. 2392 ಗೆ ಒಂಬತ್ತೂವರಿ ತನ ಕಾಯಬೇಕು.

ಜಾಗಾ ಅಂದ್ರ ಊರಿಂದ ತೆಂಕಣಕ್ಕ ಹೋದಷ್ಟು ಛಲೋ, ಊರ ಬೆಳಕು ಬೆನ್ನಿಗಿ ಬೀಳ್ತದ, ತೆಂಕಣ ಆಕಾಶ ಕಪ್ಪು ಉಳೀತದ. ಸೇಡಂ, ವಾಡಿ ಕಡಿ ಸಿಮೆಂಟ್ ಫ್ಯಾಕ್ಟರಿ ಬೆಳಕು ಲೆಕ್ಕಕ್ಕ ಹಿಡಿ. ಚಿಂಚೋಳಿ ಕಡಿ ಪರಿಚಯದವರ ಹೊಲ ಇದ್ರ ಭಾಳ ಪಾಡು, ಅಭಯಾರಣ್ಯದ ಒಳಗ ಮಾತ್ರ ಪರವಾನಗಿ ಇಲ್ದ ರಾತ್ರಿ ಕಾಲಿಡಬ್ಯಾಡ. ಎರಿ ಹೊಲದಾಗ ಡಾಬ್ ಬುಡ ನೆಟ್ಟಗ ನಿಲ್ಲಂಗಿಲ್ಲ, ಒಂದು ಪ್ಲೈವುಡ್ ತುಂಡು ಒಯ್ಯಿ. ಹಾವು ಚೇಳು ಇರ್ತಾವ, ಬೂಟು ಹಾಕ್ಕೋ. ಪಕ್ಕದ ಹೊಲದಾಗ ತೊಗರಿ ರಾಶಿ ನಡೆದಿದ್ರ ಹೊಟ್ಟಿನ ಧೂಳು ತಾಸುಗಟ್ಲೆ ಗಾಳಿಯೊಳಗೇ ಇರ್ತದ, ಅಂಥಾ ಕಡಿ ಟ್ಯೂಬಿನ ಮುಚ್ಚಳ ತಗೀಬ್ಯಾಡ.

ಪ್ರಶ್ನೆ (ಜೇವರ್ಗಿ ರೋಡ್): ಈಗಾಗ್ಲೇ ಕನ್ನಡಿ ಮ್ಯಾಲ ಧೂಳು ಕುಂತದ್ರಿ. ಮೆತ್ತನ್ನ ಅರಬಿಲೆ ಒರಸ್ಲೇನ್ರಿ?

ಉತ್ತರ: ಮುಟ್ಟಬ್ಯಾಡ! ಸ್ವಲ್ಪ ಧೂಳಿಲೆ ಗ್ಯಾಲಕ್ಸಿ ಕಮ್ಮಿ ಕಾಣಂಗಿಲ್ಲ, ಒರಸಿದ್ರ ಕೋಟಿಂಗ್ ಮ್ಯಾಲ ಗೀರು ಬಿದ್ದು ಕಾಯಂ ಉಳೀತದ. ಗಾಳಿ ಬ್ಲೋವರ್‌ಲೆ ಊದು ಸಾಕು, ಬಾಯಿಲೆ ಅಲ್ಲ.